ತೆರೆದ ತಂತ್ರಾಂಶ, ಬೀಗ ಬಿದ್ದ ಟಿವಿ

ಎಲ್‌ಜಿಯ ವೆಬ್‌ಓಎಸ್, ಸ್ಯಾಮ್‌ಸಂಗ್‌ನ ಟೈಜೆನ್, ಗೂಗಲ್‌ನ ಆಂಡ್ರಾಯ್ಡ್ ಟಿವಿ: ಸ್ಮಾರ್ಟ್ ಟಿವಿ ನಡೆಸುವ ಈ ಮೂರೂ ಆಪರೇಟಿಂಗ್ ಸಿಸ್ಟಂಗಳ ಬುಡದಲ್ಲಿರುವುದು ಲಿನಕ್ಸ್ ಕರ್ನೆಲ್. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಈ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೂ ನಮ್ಮದೇ ಟಿವಿಯಲ್ಲಿ ಅದನ್ನು ತಿದ್ದಿ ಕೂರಿಸುವುದು ಸಾಮಾನ್ಯವಾಗಿ ಆಗದ ಮಾತು.

ವೆಬ್‌ಓಎಸ್ ಕಥೆಯನ್ನೇ ನೋಡಿ. 2009ರಲ್ಲಿ ಪಾಮ್ ಕಂಪನಿಯ ಫೋನಿಗಾಗಿ ಹುಟ್ಟಿತು. ಎಚ್‌ಪಿ ಕೈಗೆ ಹೋಯಿತು. 2013ರಲ್ಲಿ ಎಲ್‌ಜಿ ಪಾಲಾಗಿ ಮರುವರ್ಷ ಟಿವಿಗೆ ಬಂತು. 2018ರಲ್ಲಿ ಎಲ್‌ಜಿ ಅದರ ಮುಕ್ತ ಆವೃತ್ತಿಯನ್ನೂ ಹೊರತಂದಿತು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಅದು ಓಡುತ್ತದೆ. ಅಂಗಡಿಯಿಂದ ತಂದ ಎಲ್‌ಜಿ ಟಿವಿಗೆ ಅದನ್ನು ಹಾಕಲು ಮಾತ್ರ ದಾರಿಯಿಲ್ಲ.

ತಡೆ ಇರುವುದು ಟಿವಿ ಆನ್ ಆಗುವ ಮೊದಲ ಕ್ಷಣಗಳಲ್ಲಿ. ಚಿಪ್‌ನೊಳಗಿನ ಪುಟ್ಟ ಪ್ರೋಗ್ರಾಂ ಮುಂದೆ ಓಡಬೇಕಾದ ತಂತ್ರಾಂಶದ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ. ತಯಾರಕರ ಸಹಿ ಇಲ್ಲದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಅದನ್ನು ದಾಟಿದರೂ ಚಿತ್ರ ಮೂಡಿಸುವ ಚಿಪ್‌ಗಳ ಡ್ರೈವರ್‌ಗಳು ಹೆಚ್ಚಾಗಿ ಕಂಪನಿಗಳ ಗುಟ್ಟು.

ಲಿನಕ್ಸ್‌ನ ಪರವಾನಗಿ ಜಿಪಿಎಲ್ 2ರ ಪ್ರಕಾರ, ಕರ್ನೆಲ್ ಬಳಸಿ ಸಾಧನ ಮಾರುವವರು ಅದರ ಸೋರ್ಸ್ ಕೋಡ್ ಕೊಡಲೇಬೇಕು. ಸಹಿಯ ಕೀಲಿಯನ್ನೂ ಕೊಡಬೇಕೆಂದು ಅದು ಬಿಡಿಸಿ ಹೇಳುವುದಿಲ್ಲ. 2007ರ ಜಿಪಿಎಲ್ 3 ಗೃಹೋಪಯೋಗಿ ಸಾಧನಗಳ ಮಟ್ಟಿಗೆ ಆ ಮಾತನ್ನು ಸೇರಿಸಿತು. ಕರ್ನೆಲ್ ಮಾತ್ರ ಹಳೆಯ ಪರವಾನಗಿಯಲ್ಲೇ ಉಳಿಯಿತು. ಕೋಡ್ ಕೊಡುವ ವಿಷಯವೂ ಕೋರ್ಟು ಹತ್ತಿದೆ: ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ 2021ರಲ್ಲಿ, ಟಿವಿ ಕೊಂಡ ಗ್ರಾಹಕನ ನೆಲೆಯಲ್ಲಿ, ವಿಜಿಯೊ ಕಂಪನಿಯ ಮೇಲೆ ದಾವೆ ಹೂಡಿತು.

ಬಳಕೆದಾರರು ಕಂಡುಕೊಂಡ ದಾರಿ ಸರಳ: ಟಿವಿಯನ್ನು ಬರೀ ಪರದೆಯಾಗಿ ಬಳಸುವುದು. ರಾಸ್ಪ್‌ಬೆರಿ ಪೈಗೆ ಲಿಬ್ರೆಎಲೆಕ್ ಎಂಬ ಮುಕ್ತ ವ್ಯವಸ್ಥೆ ಹಾಕಿ ಎಚ್‌ಡಿಎಂಐ ಕೇಬಲ್‌ನಿಂದ ಜೋಡಿಸಿದರೆ ವಿಡಿಯೊ, ಹಾಡು ನಡೆಸುವ ಕೋಡಿ ತಂತ್ರಾಂಶ ತೆರೆದುಕೊಳ್ಳುತ್ತದೆ. ಸಿಇಸಿ ಸೌಲಭ್ಯವಿರುವ ಟಿವಿಯಾದರೆ ರಿಮೋಟಿನ ಆದೇಶಗಳೂ ಅದೇ ಕೇಬಲ್‌ನಲ್ಲಿ ಹಾಯುವುದರಿಂದ ಬೇರೆ ರಿಮೋಟ್ ಬೇಡ. ನಮ್ಮ ಬಳಿಯಿರುವ ಸಿನಿಮಾ, ಫೋಟೊ, ಹಾಡುಗಳಿಗೆ ಇದು ಧಾರಾಳ ಸಾಕು. ಚಂದಾ ಕಟ್ಟಿ ನೋಡುವ ಹಲವು ಸೇವೆಗಳು ಮಾತ್ರ ತಾವು ಒಪ್ಪಿದ ಸಾಧನಗಳಿಗಷ್ಟೇ ಉತ್ತಮ ಗುಣಮಟ್ಟದ ಚಿತ್ರ ಕಳಿಸುತ್ತವೆ.

ಪರದೆ ಗಟ್ಟಿಯಾಗಿರುವಾಗಲೇ ಅಪ್‌ಡೇಟ್ ನಿಂತು ಆ್ಯಪ್‌ಗಳು ಕೈಕೊಡುವ ಟಿವಿಗಳು ಕಡಿಮೆಯೇನಿಲ್ಲ. ಬೀಗದ ಕೈ ಕಂಪನಿಯ ಬಳಿಯೇ ಇರುವುದರಿಂದ, ಕೊಳ್ಳುವಾಗ ಇಂಚಿನ ಜೊತೆಗೆ ಅಪ್‌ಡೇಟ್ ಎಷ್ಟು ವರ್ಷ ಎಂಬುದನ್ನೂ ಕೇಳುವುದು ಒಳ್ಳೆಯದು.