ಬೋಳು ಬಿದ್ದ ಹುಲ್ಲುಹಾಸಿಗೆ ಯಾವ ಬೀಜ?

ಬೆಂಗಳೂರಿನಲ್ಲಿ 1898ರಲ್ಲಿ ಪ್ಲೇಗು ಹರಡಿದ ಮೇಲೆ, ಗಾಳಿ ಬೆಳಕು ಚೆನ್ನಾಗಿ ಆಡುವಂತೆ ರೂಪಿಸಿದ ಬಡಾವಣೆಗಳಲ್ಲಿ ಮಲ್ಲೇಶ್ವರವೂ ಒಂದು. ಅಲ್ಲಿನ ಸಂಪಿಗೆ ರಸ್ತೆ ಈಗ ಅಂಗಡಿಗಳ ಬೀದಿಯಾಗಿದ್ದರೂ, ಅದಕ್ಕೆ ಸೇರುವ ಅಡ್ಡರಸ್ತೆಗಳಲ್ಲಿ ಅಂಗಳವಿರುವ ಹಳೆಯ ಮನೆಗಳು ಇನ್ನೂ ಉಳಿದಿವೆ. ಇಂತಹ ಅಂಗಳದ ಹುಲ್ಲುಹಾಸು ಅಲ್ಲಲ್ಲಿ ಬೋಳಾದಾಗ ಬೀಜದ ಪೊಟ್ಟಣ ತಂದು ಎರಚುವುದು ವಾಡಿಕೆ. ಒಂದೆರಡು ಸಲ ಹೀಗೆ ಹಣ ಕಳೆದುಕೊಂಡ ಮೇಲೆ ಬೇಸತ್ತು ಸಿಮೆಂಟು ಹಾಕಿಸುವವರೂ ಉಂಟು. ಆಗ ಮಳೆನೀರು ಭೂಮಿಗಿಳಿಯಲು ಇದ್ದ ಜಾಗವೂ ಇಲ್ಲವಾಗುತ್ತದೆ. ಬೀಜ ಕೊಳ್ಳುವ ಮೊದಲು ಎರಡು ಸಂಗತಿ ತಿಳಿದುಕೊಂಡರೆ ಈ ನಷ್ಟ ತಪ್ಪುತ್ತದೆ. ಹುಲ್ಲು ಹೋದದ್ದು ಏಕೆ? ಆ ಜಾಗಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ?

ಮೊದಲು ಕಾರಣ ಹುಡುಕಿ

ಬೇಸಿಗೆಯಲ್ಲಿ ಗರಿಕೆ ಒಣಗಿದಂತೆ ಕಂಡರೂ ಸತ್ತಿರುವುದಿಲ್ಲ. ನೆಲಕ್ಕೆ ಹಬ್ಬಿದ ಬಳ್ಳಿಯನ್ನು ಉಗುರಿನಿಂದ ಕೆರೆದು ನೋಡಿರಿ. ಗೆಣ್ಣು ಗಟ್ಟಿಯಾಗಿ ಒಳಗೆ ಬೆಳ್ಳಗೆ ಅಥವಾ ಹಸಿರಾಗಿದ್ದರೆ ಅದನ್ನು ಅಗೆಯಬಾರದು. ಮಳೆ ಬಿದ್ದೊಡನೆ ಚಿಗುರುತ್ತದೆ.

ಹಿಡಿದೆಳೆದರೆ ಹುಲ್ಲು ಚಾಪೆಯಂತೆ ಎದ್ದು ಬಂದು, ಕೆಳಗೆ ಬಾಗಿದ ಬಿಳಿ ಹುಳುಗಳು ಕಂಡರೆ ಅದು ಗೊಣ್ಣೆ ಹುಳುವಿನ ಹಾವಳಿ. ಹುಳುಗಳನ್ನು ಆಯ್ದು ನಾಶಮಾಡದೆ ಬಿತ್ತಿದರೆ ಪ್ರಯೋಜನವಿಲ್ಲ. ಗೇಟಿನಿಂದ ತುಳಸಿಕಟ್ಟೆಯವರೆಗೆ, ಸ್ಕೂಟರು ನಿಲ್ಲಿಸುವಲ್ಲಿ ಪಟ್ಟಿಯಂತೆ ಬೋಳಾಗಿದ್ದರೆ ಅದು ತುಳಿತದ ಗುರುತು. ಅಲ್ಲಿ ಯಾವ ಹುಲ್ಲೂ ನಿಲ್ಲದು. ನಡೆಯುವಷ್ಟು ಅಂತರದಲ್ಲಿ ಕಲ್ಲು ಚಪ್ಪಡಿ ಹುದುಗಿಸುವುದೇ ಸರಿ.

ಬಿಸಿಲಿಗೆ ಒಂದು, ನೆರಳಿಗೆ ಇನ್ನೊಂದು

ಬೋಳು ಜಾಗದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆಂದು ಒಂದು ದಿನ ಗಮನಿಸಿರಿ.

ಆರು ಗಂಟೆ ಅಥವಾ ಹೆಚ್ಚು ಬಿಸಿಲಿದ್ದರೆ ಗರಿಕೆ ಸೂಕ್ತ. ಅಂಗಡಿಯಲ್ಲಿ 'ಬರ್ಮುಡ' ಹೆಸರಿನಲ್ಲಿ ಸಾಮಾನ್ಯವಾಗಿ ಸಿಗುವ ಬೀಜ, ಗಣೇಶನ ಪೂಜೆಗೆ ತರುವ ಈ ಗರಿಕೆಯದೇ. ಇದು ತುಳಿತವನ್ನೂ ಒಣಹವೆಯನ್ನೂ ತಡೆದುಕೊಳ್ಳುತ್ತದೆ. ನೆರಳನ್ನು ಮಾತ್ರ ತಾಳದು.

ಮೂರು ನಾಲ್ಕು ಗಂಟೆಯಷ್ಟೇ ಬಿಸಿಲು ಬಂದರೆ ಗರಿಕೆ ಬೀಜ ಮೊಳೆತರೂ ಕ್ರಮೇಣ ಸೊರಗುತ್ತದೆ. ಅಲ್ಲಿಗೆ ಅಗಲ ಎಲೆಯ ಬಫೆಲೋ ಹುಲ್ಲು ಅಥವಾ ಕಾರ್ಪೆಟ್ ಹುಲ್ಲು ಮೇಲು. ಇವನ್ನು ಬೀಜಕ್ಕಿಂತ ಬೇರುಸಹಿತ ಬಳ್ಳಿಯ ತುಂಡುಗಳಿಂದ ಬೆಳೆಸುವುದು ಸುಲಭ. ಹಲಸು, ಮಾವಿನ ದಟ್ಟ ನೆರಳಿನಲ್ಲಿ ಹುಲ್ಲಿನ ಆಸೆ ಬಿಡುವುದು ಲೇಸು. ತರಗೆಲೆ ಹರಡಿ ನೆಲ ಮುಚ್ಚಬಹುದು; ಸ್ವಲ್ಪ ಬೆಳಕೂ ತೇವವೂ ಇರುವ ಅಂಚಿನಲ್ಲಿ ಒಂದೆಲಗ ನೆಟ್ಟರೆ ತಂಬುಳಿಗೂ ಆಯಿತು.

ರೈ, ಫೆಸ್ಕ್ಯೂ, ಕೆಂಟಕಿ ಬ್ಲೂ ಎಂಬ ಹೆಸರಿನ ಪೊಟ್ಟಣಗಳ ಹಸಿರು ಚಿತ್ರಕ್ಕೆ ಮರುಳಾಗಬಾರದು. ಇವು ಶೀತ ಪ್ರದೇಶದ ಹುಲ್ಲುಗಳು. ಚಳಿಗಾಲದಲ್ಲಿ ಮೊಳೆತು ಸಂತೋಷಪಡಿಸಿದರೂ, ಏಪ್ರಿಲ್‌ನಲ್ಲಿ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬೆಂಗಳೂರಿನಲ್ಲಿ ನಿಲ್ಲುವುದು ಕಷ್ಟ.

ಸುತ್ತಲಿರುವ ಹಳೆಯ ಹುಲ್ಲು ಯಾವುದೆಂಬುದನ್ನೂ ನೋಡಬೇಕು. ಟಿಫ್‌ಡ್ವಾರ್ಫ್‌ನಂತಹ ಮಿಶ್ರತಳಿ ಬರ್ಮುಡ ಮೊಳೆಯುವ ಬೀಜ ಕಟ್ಟುವುದೇ ಇಲ್ಲ. ಕೊರಿಯನ್ ಹುಲ್ಲನ್ನೂ ತುಂಡುಗಳಿಂದಲೇ ಬೆಳೆಸುತ್ತಾರೆ. ಇವುಗಳ ನಡುವೆ ಸಾಮಾನ್ಯ ಗರಿಕೆ ಬೀಜ ಚೆಲ್ಲಿದರೆ ತೇಪೆ ಹಾಕಿದಂತೆ ಕಾಣುತ್ತದೆ. ಚೆನ್ನಾಗಿ ಬೆಳೆದ ಭಾಗದಿಂದಲೇ ತುಂಡು ತೆಗೆದು, 3-4 ಅಂಗುಲಕ್ಕೊಂದರಂತೆ ನೆಡುವುದು ಖರ್ಚಿಲ್ಲದ ದಾರಿ.

ಬಿತ್ತುವ ಕ್ರಮ

ಜೂನ್-ಜುಲೈ ತಿಂಗಳು ಉತ್ತಮ. ಬೋಳು ಜಾಗವನ್ನು 6 ಅಂಗುಲ ಆಳಕ್ಕೆ ಅಗೆದು ಕಲ್ಲು, ಗಾರೆ ಚೂರು, ಜೇಕಿನ ಗೆಡ್ಡೆಗಳನ್ನು ಆಯ್ದು ತೆಗೆಯಬೇಕು. 10 ಚದರ ಅಡಿಗೆ 2ರಿಂದ 3 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮಟ್ಟಮಾಡಿ, ನೀರು ಹಾಕಿ ಎರಡು ವಾರ ಬಿಡಬೇಕು. ಆಗ ಹುಟ್ಟುವ ಕಳೆಯನ್ನು ಕಿತ್ತ ನಂತರವೇ ಬಿತ್ತನೆ.

ಗರಿಕೆ ಬೀಜ ಬಹು ಸಣ್ಣದು. 100 ಚದರ ಅಡಿಗೆ 30ರಿಂದ 40 ಗ್ರಾಂ ಸಾಕು. ಎರಡರಷ್ಟು ಒಣ ಮರಳಿನೊಡನೆ ಬೆರೆಸಿ, ಅರ್ಧವನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಕ್ಕೂ ಚೆಲ್ಲಿದರೆ ಸಮನಾಗಿ ಬೀಳುತ್ತದೆ. ಮೇಲೆ ಜರಡಿಯಾಡಿದ ಮಣ್ಣು ಕಾಲು ಅಂಗುಲಕ್ಕಿಂತ ಹೆಚ್ಚಿರಕೂಡದು. ಹಲಗೆಯಿಂದ ಮೆಲ್ಲಗೆ ಒತ್ತಿ, ಸಣ್ಣ ತೂತಿನ ಕ್ಯಾನಿನಿಂದ ನೀರು ಚಿಮುಕಿಸಿರಿ. ಕೆಮ್ಮಣ್ಣು ಒಣಗಿದರೆ ಹೆಪ್ಪುಗಟ್ಟುವುದರಿಂದ ಮೊಳಕೆ ಬರುವವರೆಗೆ ತೇವ ಆರಬಾರದು. ಇರುವೆಗಳು ಬೀಜ ಹೊತ್ತೊಯ್ಯುತ್ತಿವೆಯೇ ಎಂದೂ ನೋಡುತ್ತಿರಬೇಕು. ಮೊಳಕೆಗೆ ಎರಡು ವಾರ, ಕೆಲವೊಮ್ಮೆ ಐದು ವಾರವೂ ಹಿಡಿಯುತ್ತದೆ. ಆತುರದಿಂದ ಮತ್ತೆ ಅಗೆಯಬಾರದು. ಹುಲ್ಲು 2 ಅಂಗುಲಕ್ಕಿಂತ ಮೇಲೆ ಬಂದಾಗ ಮೊದಲ ಸಲ ತುದಿ ಕತ್ತರಿಸಿರಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದು ಬೇಡ.

ನೀರಿನ ಲೆಕ್ಕ

100 ಚದರ ಅಡಿ ಹುಲ್ಲುಹಾಸಿಗೆ ಒಂದು ಅಂಗುಲ ನೀರುಣಿಸಲು ಸುಮಾರು 236 ಲೀಟರು ಬೇಕು. 2024ರ ಮಾರ್ಚ್‌ನಲ್ಲಿ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತ್ತು. ಮಳೆಗಾಲದ ಆರಂಭದಲ್ಲೇ ಬಿತ್ತಿದರೆ ಬೇರು ಊರುವ ಕೆಲಸವನ್ನು ಬಹುಮಟ್ಟಿಗೆ ಮಳೆಯೇ ಮಾಡಿಕೊಡುತ್ತದೆ. ಬೇರೂರಿದ ಗರಿಕೆಗೆ ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳವಾಗಿ ಉಣಿಸುವುದು ಮೇಲು. ತರಕಾರಿ, ಅಕ್ಕಿ ತೊಳೆದ ನೀರೂ ಇದಕ್ಕೆ ಆಗುತ್ತದೆ. ಬೇಸಿಗೆಯಲ್ಲಿ ಅಷ್ಟೂ ನೀರಿಲ್ಲದಿದ್ದರೆ ಹುಲ್ಲು ಕಂದಿದರೂ ಚಿಂತೆಯಿಲ್ಲ. ಗೆಣ್ಣು ಜೀವಂತವಾಗಿದ್ದರೆ ಮುಂದಿನ ಮಳೆಗೆ ಅಂಗಳ ಮತ್ತೆ ಹಸಿರಾಗುತ್ತದೆ.