ಎಳೆಯರಿಗೆ ಚಲಚ್ಚಿತ್ರ ವಿದ್ಯೆ

ನಮ್ಮ ಮಂಗಳೂರಿನ ಹದಿಮೂರರಿಂದ ಹದಿನೈದು ವಯಸ್ಸಿನ ಬಾಲಕ ಬಾಲಕಿಯರಿಗೆ ಚಲಚ್ಚಿತ್ರ ನಿರ್ಮಾಣದ ಪ್ರಥಮ ಪಾಠಗಳನ್ನು ಆನ್‌ಲೈನ್ ತರಗತಿಯ ಮೂಲಕ ಕ್ರಮಬದ್ಧವಾಗಿ ಕಲಿಸಬೇಕೆಂದು ನಾವು ಹೇಳಿದರೆ, ವಾಚಕರಲ್ಲಿ ಅನೇಕರು ಹುಬ್ಬು ಗಂಟಿಕ್ಕುವರೆಂಬುದನ್ನು ಬಲ್ಲೆವು. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇಕಡ 91.12 ತೇರ್ಗಡೆಯೊಡನೆ ರಾಜ್ಯಕ್ಕೇ ಮೊದಲ ಸ್ಥಾನವನ್ನು ಪಡೆದ ಜಿಲ್ಲೆ ನಮ್ಮದು. ಆ ಹೆಮ್ಮೆ ನಮಗೂ ಇದೆ. ಆದರೆ ಅಂಕಗಳ ಚಿಂತೆಯಲ್ಲಿ ಮುಳುಗಿದ ತಂದೆತಾಯಿಗಳಿಗೆ, ಮಕ್ಕಳ ಕೈಗೆ ಈಗಾಗಲೇ ಬಂದು ಸೇರಿರುವ ಯಂತ್ರವೊಂದು ಅವರಿಗೆ ಏನನ್ನು ಕಲಿಸುತ್ತಿದೆಯೆಂದು ವಿಚಾರಿಸಲು ವ್ಯವಧಾನವಿದ್ದಂತೆ ತೋರುವುದಿಲ್ಲ.

ಆ ಯಂತ್ರವೇ ಮೊಬೈಲ್ ಫೋನು. ಅದರೊಳಗೆ ಕ್ಯಾಮೆರಾ ಇದೆ. ಧ್ವನಿಯನ್ನು ಹಿಡಿಯುವ, ಚಿತ್ರವನ್ನು ಕತ್ತರಿಸಿ ಜೋಡಿಸುವ ಅನುಕೂಲವೂ ಇದೆ. ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ಹೊರತರುವ ಮುಂಚೆ, ಹಣ ಹೂಡುವವರ ನಂಬಿಕೆಯನ್ನು ಸಂಪಾದಿಸುವುದಕ್ಕಾಗಿ, ಬಟಾಣಿಯ ಬೀಜವೊಂದು ಮೊಳೆತು ಗಿಡವಾಗುವುದನ್ನು ದಿನದಿನವೂ ಇಷ್ಟಿಷ್ಟೇ ಚಿತ್ರಿಸಿ ತೋರಿಸಿದರು. ಎಂಟನೆಯ ತರಗತಿಯ ಹುಡುಗನು ಇಂದು ತನ್ನ ಮನೆಯ ಬಸಳೆಯ ಚಪ್ಪರದೆದುರು ಅದೇ ಪ್ರಯೋಗವನ್ನು ಮಾಡಬಲ್ಲನು. ಆದರೆ ಅವನು ಮಾಡುತ್ತಿರುವುದೇನು? ಅರೆನಿಮಿಷದ ಹಾಡಿಗೆ ತುಟಿಯಾಡಿಸುವುದು. ಬೈಕಿನಿಂದ ಬಿದ್ದವನನ್ನು ಎತ್ತುವುದಕ್ಕೆ ಮೊದಲು ಅವನ ಚಿತ್ರ ಹಿಡಿಯುವುದು. ಸಹಪಾಠಿಯ ಮಾನಕ್ಕೆ ಕುಂದು ತರುವಂಥದನ್ನು ಹತ್ತು ಮಂದಿಗೆ ರವಾನಿಸುವುದು. ದೋಷವು ಮಕ್ಕಳದಲ್ಲ, ಹಿರಿಯರೂ ಅದನ್ನೇ ಮಾಡುತ್ತಿರುವರು.

ಮಹಾತ್ಮಾ ಗಾಂಧಿಯವರು ಚಲಚ್ಚಿತ್ರವನ್ನು ಮೆಚ್ಚಿದವರಲ್ಲ. 1927ರಲ್ಲಿ ನೇಮಕವಾದ ಚಲಚ್ಚಿತ್ರ ವಿಚಾರಣಾ ಸಮಿತಿಗೆ ಅವರು, ಇದರ ಕೇಡು ಪ್ರತ್ಯಕ್ಷವಾಗಿದೆ, ಒಳಿತೇನಾದರೂ ಇದ್ದರೆ ಅದಿನ್ನೂ ಸಿದ್ಧವಾಗಬೇಕಾಗಿದೆ ಎಂಬರ್ಥದ ಉತ್ತರವನ್ನಿತ್ತರು. ಮೇಲೆ ಹೇಳಿದ ಚೇಷ್ಟೆಗಳನ್ನು ನೋಡಿದರೆ ಆ ಮಾತನ್ನು ತಳ್ಳಿಹಾಕುವ ಧೈರ್ಯ ನಮಗಿಲ್ಲ. ಆದರೆ 1937ರಲ್ಲಿ ವಾರ್ಧಾದಲ್ಲಿ ಅವರೇ ದೇಶದ ಮುಂದಿಟ್ಟ ಶಿಕ್ಷಣಕ್ರಮದ ತಿರುಳು, ಕೈಕೆಲಸದ ಮೂಲಕ ಬುದ್ಧಿಯನ್ನು ಬೆಳೆಸುವುದೇ ಆಗಿತ್ತು. ಚಿತ್ರವನ್ನು ನೋಡುತ್ತ ಕೂಡುವವನಿಗೂ ಅದನ್ನು ಕೈಯಾರೆ ಮಾಡುವವನಿಗೂ ಇರುವ ಅಂತರವು, ಬಟ್ಟೆಯನ್ನು ಕೊಳ್ಳುವವನಿಗೂ ನೂಲನ್ನು ತೆಗೆಯುವವನಿಗೂ ಇರುವಂಥದು.

ಕ್ರಮವಾಗಿ ಕಲಿಸುವುದೆಂದರೆ ನಮ್ಮವರಿಗೆ ಹೊಸ ಮಾತೇನಲ್ಲ. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ರಾತ್ರಿಯೇ ಕರ್ಣನ ವೇಷವನ್ನು ಕಟ್ಟುವುದುಂಟೆ? ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ಹೆಜ್ಜೆಯನ್ನು ತಿದ್ದಿಕೊಂಡು, ಸಣ್ಣಪುಟ್ಟ ವೇಷಗಳನ್ನು ಮಾಡುತ್ತ, ಹಿರಿಯರ ಅರ್ಥಗಾರಿಕೆಯನ್ನು ರಂಗದ ಬದಿಯಿಂದ ಕೇಳಿ ಕೇಳಿ ಅವನು ಮೇಲೇರಬೇಕು. ಚಲಚ್ಚಿತ್ರಕ್ಕೂ ಇಂಥದೊಂದು ಪೂರ್ವರಂಗ ಬೇಕು.

ನಮ್ಮ ಮನಸ್ಸಿನಲ್ಲಿರುವ ತರಗತಿ ಇಂಥದು. ಎಂಟು ವಾರ, ವಾರಕ್ಕೆ ಒಂದೂವರೆ ಗಂಟೆಯ ಒಂದೇ ಪಾಠ, ಹನ್ನೆರಡಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಕೂಡದು. ಮೊದಲ ವಾರ ಕ್ಯಾಮೆರಾವನ್ನು ಮುಟ್ಟಲೇಬಾರದು. ಒಂದೆಡೆ ಅರ್ಧ ಗಂಟೆ ಕುಳಿತು, ಕಂಡುದನ್ನೂ ಕೇಳಿದುದನ್ನೂ ಬರೆದು ತರಬೇಕು. ಎರಡನೆಯ ವಾರ ದೂರದ ನೋಟ, ನಡುವಣ ನೋಟ, ಸಮೀಪದ ನೋಟಗಳ ಅಭ್ಯಾಸ. ನಮ್ಮ ದಕ್ಕೆಯನ್ನೇ ತೆಗೆದುಕೊಳ್ಳೋಣ. ಬೆಳಗಿನಲ್ಲಿ ಸಾಲಾಗಿ ನಿಂತ ದೋಣಿಗಳನ್ನು ದೂರದಿಂದ ಹಿಡಿದರೆ ಅದು ಬಂದರು. ಬುಟ್ಟಿಯ ಸುತ್ತ ನೆರೆದ ಜನವನ್ನು ಹಿಡಿದರೆ ಅದು ವ್ಯಾಪಾರ. ಮೀನನ್ನು ಆರಿಸುವ ಮುದುಕಿಯ ಬೆರಳುಗಳನ್ನಷ್ಟೆ ಹಿಡಿದರೆ ಅದು ಒಂದು ಬಾಳಿನ ಕಥೆ. ಈ ಮೂರನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಯಾವ ಅರ್ಥ ಹುಟ್ಟುವುದೆಂಬುದನ್ನು ವಿದ್ಯಾರ್ಥಿನಿಯು ತಾನೇ ಹಿಂದುಮುಂದು ಮಾಡಿ ಅರಿಯಬೇಕು. ರಷ್ಯಾದ ಕುಲೆಶೋವ್ ಎಂಬ ನಿರ್ದೇಶಕನು ಶತಮಾನದ ಹಿಂದೆ ತೋರಿಸಿಕೊಟ್ಟದ್ದೂ ಇದನ್ನೇ: ಒಂದೇ ಮುಖದ ಬಳಿ ಊಟದ ಬಟ್ಟಲನ್ನು ಜೋಡಿಸಿದರೆ ನೋಡುವವನಿಗೆ ಹಸಿವು ಕಾಣುವುದು, ಶವಪೆಟ್ಟಿಗೆಯನ್ನು ಜೋಡಿಸಿದರೆ ಶೋಕ ಕಾಣುವುದು. ಧ್ವನಿಗೆ ಒಂದು ವಾರ ಮೀಸಲು. ಕಡಲ ಗಾಳಿಯೂ ಆಟಿಯ ಮಳೆಯೂ ಆಡಿದ ಮಾತನ್ನು ಹೇಗೆ ನುಂಗಿಬಿಡುವವೆಂಬುದು ಪಣಂಬೂರಿನಲ್ಲಿ ಒಮ್ಮೆ ಪ್ರಯತ್ನಿಸಿದವರಿಗೇ ಗೊತ್ತು. ಉಳಿದ ವಾರಗಳಲ್ಲಿ ಮೂರು ನಿಮಿಷದ ಒಂದು ಚಿತ್ರವನ್ನು ಬರೆದು, ತೆಗೆದು, ಜೋಡಿಸಿ, ಎಲ್ಲರೂ ಕೂಡಿ ನೋಡಿ ಗುಣದೋಷಗಳನ್ನು ಚರ್ಚಿಸತಕ್ಕದ್ದು.

ಇನ್ನೊಂದು ಮಾತು. ಆ ಮುದುಕಿಯ ಬೆರಳುಗಳನ್ನು ಹಿಡಿಯುವ ಮುಂಚೆ ಆಕೆಯ ಅಪ್ಪಣೆಯನ್ನು ಕೇಳತಕ್ಕದ್ದು. ಅಜ್ಜೀ ಎಂದು ಕರೆದು, ತಾನು ಯಾರ ಮಗಳೆಂದು ತಿಳಿಸಿ, ತೆಗೆದುದನ್ನು ಆಕೆಗೂ ತೋರಿಸತಕ್ಕದ್ದು. ಬೇಡವೆಂದರೆ ಫೋನನ್ನು ಚೀಲಕ್ಕೆ ಹಾಕಿ ಹಿಂದಿರುಗತಕ್ಕದ್ದು. ಎಂಟು ವಾರಗಳಲ್ಲಿ ಇದಕ್ಕಿಂತ ಬೆಲೆಯುಳ್ಳ ಪಾಠ ಇನ್ನೊಂದಿರದೆಂದು ನಾವು ಎಣಿಸುವೆವು.

ಚಲಚ್ಚಿತ್ರವು ಈ ಜಿಲ್ಲೆಗೆ ಪರಕೀಯವಲ್ಲ. ಬಾಲವನದಲ್ಲಿ ಮಕ್ಕಳಿಗಾಗಿ ಪ್ರಯೋಗಗಳನ್ನು ನಡೆಸಿದ ಶಿವರಾಮ ಕಾರಂತರು 1930ರ ಸುಮಾರಿಗೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಚಿತ್ರಗಳನ್ನು ತೆಗೆದಿದ್ದರು. ಅವರ ‘ಚೋಮನ ದುಡಿ’ಯನ್ನು ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ. ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಮನ್ನಣೆಯನ್ನು ಪಡೆದರು. ಮಂಗಳೂರಿನವರೇ ಆದ ಅಭಯ ಸಿಂಹರು 2008ರಲ್ಲಿ ಮಾಡಿದ ‘ಗುಬ್ಬಚ್ಚಿಗಳು’ ಅತ್ಯುತ್ತಮ ಮಕ್ಕಳ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನು ಗಳಿಸಿತು. ಘಟ್ಟದ ಮೇಲಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಿಂದ ಹಳ್ಳಿಯವರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಕನ್ನಡದಲ್ಲಿಯೇ ವಿವರಿಸಿದರು. ಹೀಗಿರುವಾಗ ಈ ವಿದ್ಯೆಯನ್ನು ಇಂಗ್ಲಿಷಿನಲ್ಲಲ್ಲದೆ ಹೇಳಲಾಗದೆಂಬ ವಾದವನ್ನು ನಾವು ಒಪ್ಪಲಾರೆವು. ಪಾಠ ಕನ್ನಡದಲ್ಲಿರಲಿ, ಮಕ್ಕಳ ಚಿತ್ರದೊಳಗಿನ ಮಾತು ಅವರವರ ಮನೆಯಂತೆ ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರಲಿ.

ಆನ್‌ಲೈನ್ ಪಾಠದ ಕಹಿಯನ್ನು ನಾವು ಮರೆತಿಲ್ಲ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಟ್ಟಣದ ಮಕ್ಕಳು ಪರದೆಯೆದುರು ಬಾಡಿದರು; ಸುಳ್ಯದ ಕಡೆಯ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡವೇರಿದರು. ಆದರೆ ಇಲ್ಲಿ ಪರದೆಯ ಕೆಲಸ ಒಂದೂವರೆ ಗಂಟೆಗೆ ಮುಗಿಯುವುದು. ವಾರದ ಮಿಕ್ಕ ಅಭ್ಯಾಸವೆಲ್ಲ ಅಂಗಳದಲ್ಲಿ, ಬೀದಿಯಲ್ಲಿ, ಅಡಕೆ ತೋಟದಲ್ಲಿ. ಒಬ್ಬ ಸಮರ್ಥ ಉಪಾಧ್ಯಾಯರು ಉಳ್ಳಾಲಕ್ಕೂ ಮೂಡುಬಿದಿರೆಗೂ ಏಕಕಾಲದಲ್ಲಿ ಕಲಿಸಬಹುದೆಂಬುದೇ ಇದರ ಮುಖ್ಯ ಪ್ರಯೋಜನ. ಸ್ವಂತ ಫೋನಿಲ್ಲದ ಮಗುವನ್ನು ಇನ್ನೊಂದು ಮಗುವಿನೊಡನೆ ಜೋಡಿಮಾಡಬೇಕು. ಇಬ್ಬರಿಗೊಂದು ಯಂತ್ರವೆಂಬುದು ಚಿತ್ರಕಾರ್ಯಕ್ಕೆ ಒಳ್ಳೆಯದೇ. ಮಕ್ಕಳ ಚಿತ್ರಗಳನ್ನು ಊರೆಲ್ಲ ನೋಡುವಂತೆ ಹರಿಯಬಿಡುವ ಆತುರ ಬೇಡ. ಹದಿನೆಂಟು ತುಂಬದವರ ವೈಯಕ್ತಿಕ ಮಾಹಿತಿಯನ್ನು ಬಳಸಲು ಹೆತ್ತವರ ಸಮ್ಮತಿ ಬೇಕೆಂದು 2023ರ ಕೇಂದ್ರ ಕಾನೂನು ವಿಧಿಸಿದೆ. ತರಗತಿಯನ್ನು ನಡೆಸುವವರು ಅದನ್ನು ಓದಿಕೊಂಡೇ ಆರಂಭಿಸಲಿ.

ಆರರಿಂದ ಎಂಟನೆಯ ತರಗತಿಯೊಳಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸಿತು. ನಮ್ಮ ರಾಜ್ಯ ಸರಕಾರವು ಆ ನೀತಿಯನ್ನು ಬಿಟ್ಟು ಬೇರೆ ದಾರಿಯನ್ನು ಹಿಡಿದಿದ್ದರೂ ಸೂಚನೆಯು ಒಳ್ಳೆಯದೇ. ಅಂಥ ಎರಡು ದಿನಗಳನ್ನಾದರೂ ಈ ವಿದ್ಯಾರ್ಥಿಗಳ ಚಿತ್ರೀಕರಣಕ್ಕೆ ಬಿಟ್ಟುಕೊಡಲು ಸಾಧ್ಯವೇ ಎಂಬುದನ್ನು ಜಿಲ್ಲೆಯ ಶಿಕ್ಷಣಾಧಿಕಾರಿಗಳು ಆಲೋಚಿಸಬೇಕೆಂದು ಕೋರುವೆವು. ಪಾಠ ಹೇಳಲು ಮುಂದೆ ಬರುವ ಚಿತ್ರಕಾರರೂ ಶಾಲೆಗಳ ಮುಖ್ಯೋಪಾಧ್ಯಾಯರೂ ತಮ್ಮ ಅಭಿಪ್ರಾಯಗಳನ್ನು ಬರೆದು ಕಳುಹಿಸಿದರೆ ಅವನ್ನು ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುವೆವು.