ವಯಸ್ಕರಿಗೆ ಕಲಿಸಲು ಬೇಕಾದ ಅರ್ಹತೆ ಯಾವುದು?

ವೃತ್ತಿಯಿಂದ ನಿವೃತ್ತರಾದವರೂ ಮಕ್ಕಳು ದೊಡ್ಡವರಾಗಿ ಮನೆಯ ಹೊಣೆ ಹಗುರವಾದ ಗೃಹಿಣಿಯರೂ ತಮಗೆ ತಿಳಿದುದನ್ನು ನಾಲ್ವರಿಗೆ ಕಲಿಸಬೇಕೆಂದು ಬಯಸುವುದು ಸಹಜ. ಮಾದಾಪುರದ ಕನ್ನಡ ಕುಟುಂಬಗಳಲ್ಲಿ ಇಂಥವರಿಗೆ ಕೊರತೆಯಿಲ್ಲ, ಕಲಿಯಬೇಕಾದವರಿಗೂ ಕೊರತೆಯಿಲ್ಲ. 1998ರಲ್ಲಿ ಸೈಬರ್ ಟವರ್ಸ್ ತಲೆಯೆತ್ತಿದ ಮೇಲೆ ಈ ಸೀಮೆಯಲ್ಲಿ ಕಟ್ಟಡದ ಕೆಲಸ ನಿಂತದ್ದೇ ಇಲ್ಲ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಕನ್ನಡಿಗರೂ ಈ ನಗರದಲ್ಲಿದ್ದಾರೆ. ಅವರಲ್ಲಿ ಅಕ್ಷರ ಬಾರದವರಿಗೆ ಓದು ಬರಹ ಕಲಿಸಹೊರಟರೆ ನಮಗಿರಬೇಕಾದ ಅರ್ಹತೆ ಯಾವುದು?

ಶಾಲಾ ಶಿಕ್ಷಕರಿಗೆ ಬಿ.ಇಡಿ., ಡಿ.ಇಡಿ. ಮೊದಲಾದ ಪದವಿಗಳೂ ಅರ್ಹತಾ ಪರೀಕ್ಷೆಗಳೂ ಗೊತ್ತುಪಡಿಸಲ್ಪಟ್ಟಿವೆ. ವಯಸ್ಕರ ಬೋಧಕರಿಗೆ ಅಂಥ ಒಂದೇ ಬಗೆಯ ಪರವಾನಗಿ ನಮ್ಮ ದೇಶದಲ್ಲಿಲ್ಲ. ಏನನ್ನು ಕಲಿಸುತ್ತೇವೆ ಎಂಬುದರ ಮೇಲೆ ಅರ್ಹತೆ ನಿರ್ಧಾರವಾಗುತ್ತದೆ.

ಮೊದಲನೆಯದು ಸಾಕ್ಷರತೆ. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್, 2009ರ ಸಾಕ್ಷರ ಭಾರತ ಇವುಗಳ ಬಳಿಕ, 2022ರಿಂದ 2027ರವರೆಗಿನ ಅವಧಿಗೆ ‘ಉಲ್ಲಾಸ್’ ಎಂಬ ನವ ಭಾರತ ಸಾಕ್ಷರತಾ ಕಾರ್ಯಕ್ರಮ ರೂಪುಗೊಂಡಿತು. 15 ವರ್ಷ ದಾಟಿದ ನಿರಕ್ಷರಸ್ಥರಿಗೆ ಇಲ್ಲಿ ಕಲಿಸುವವರು ಸ್ವಯಂಸೇವಕರು. ಸಂಬಳವಿಲ್ಲ, ಬೋಧನೆಯ ಪದವಿಯೂ ಬೇಕಿಲ್ಲ. ಉಲ್ಲಾಸ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಬಹುದು. ಕಲಿತವರಿಗೆ ಓದು, ಬರಹ, ಲೆಕ್ಕ ಈ ಮೂರಕ್ಕೂ ತಲಾ 50ರಂತೆ 150 ಅಂಕಗಳ ಪರೀಕ್ಷೆಯುಂಟು.

ಎರಡನೆಯದು ಕಸುಬಿನ ತರಬೇತಿ. ಐ.ಟಿ.ಐ. ಬೋಧಕರಾಗಲು ಬಯಸುವವರಿಗೆ ಒಂದು ವರ್ಷದ ಕುಶಲಕರ್ಮಿ ಬೋಧಕರ ತರಬೇತಿಯಿದೆ. ಹೈದರಾಬಾದಿನಲ್ಲಿ ವಿದ್ಯಾನಗರ ಮತ್ತು ರಾಮಂತಪುರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಹೆಸರಾಗಿವೆ. ಅಲ್ಪಾವಧಿಯ ಕೌಶಲ ಕೇಂದ್ರಗಳಲ್ಲಿ ಕಲಿಸುವವರು ತಮ್ಮ ಕಸುಬಿಗೆ ಸಂಬಂಧಿಸಿದ ಕೌಶಲ ಮಂಡಳಿಯ ತರಬೇತುದಾರರ ಪ್ರಮಾಣಪತ್ರ ಪಡೆಯಬೇಕಾಗುತ್ತದೆ.

ಮೂರನೆಯ ದಾರಿಯನ್ನು ದೇಶಕ್ಕೆ ತೋರಿಸಿದ್ದು ಕನ್ನಡನಾಡು ಎಂಬುದು ಅಭಿಮಾನದ ಸಂಗತಿ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಕೆನರಾ ಬ್ಯಾಂಕ್ ಮತ್ತು ಅಂದಿನ ಸಿಂಡಿಕೇಟ್ ಬ್ಯಾಂಕ್‌ಗಳ ಸಹಯೋಗದಿಂದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ನಿರುದ್ಯೋಗಿ ಯುವಜನರಿಗೆ ಉಚಿತ ಊಟ ವಸತಿಗಳೊಡನೆ ಅಲ್ಪಾವಧಿಯ ತರಬೇತಿ ಕೊಟ್ಟು, ಸ್ವಂತ ಉದ್ಯೋಗದಲ್ಲಿ ಅವರು ನೆಲೆಗೊಳ್ಳುವವರೆಗೆ ಬೆಂಬಲವಾಗಿ ನಿಲ್ಲುವುದು ಅದರ ಕ್ರಮ. ಈ ಮಾದರಿಯನ್ನೇ ಅನುಸರಿಸಿ 2009ರಿಂದ ಕೇಂದ್ರ ಸರ್ಕಾರವು ಬ್ಯಾಂಕುಗಳ ಮೂಲಕ ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆಯಿಸತೊಡಗಿತು. ಇವುಗಳ ಮುಖ್ಯಸ್ಥರು ಸಾಮಾನ್ಯವಾಗಿ ಬ್ಯಾಂಕ್ ಅಧಿಕಾರಿಗಳೇ. ಸಾಲ ಮಂಜೂರು ಮಾಡುತ್ತಿದ್ದ ಅಧಿಕಾರಿ ಒಮ್ಮೆಲೇ ಬೋಧಕನಾಗಲಾರನೆಂಬುದನ್ನು ಅರಿತು, ತರಬೇತುದಾರರಿಗೇ ತರಬೇತಿ ನೀಡಲು ಬೆಂಗಳೂರಿನಲ್ಲಿ ರುಡ್‌ಸೆಟ್‌ನ ರಾಷ್ಟ್ರೀಯ ಅಕಾಡೆಮಿಯನ್ನು ಸ್ಥಾಪಿಸಲಾಯಿತು.

ಇನ್ನು ಈ ವಿಷಯವನ್ನೇ ಶಾಸ್ತ್ರವಾಗಿ ಓದಬಯಸುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ವಯಸ್ಕರ ಶಿಕ್ಷಣದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ರೂಪಿಸಿದೆ. ಅದರ ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿಯೇ ಇದೆ.

ಆದರೆ ಪ್ರಮಾಣಪತ್ರ ದೊರೆತ ಮಾತ್ರಕ್ಕೆ ಅರ್ಹತೆ ಪೂರ್ಣವಾಯಿತೆನ್ನಲಾಗದು. ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್ ವಾದಿಸಿದಂತೆ, ವಯಸ್ಕನು ತನ್ನ ಬಾಳಿನ ಅನುಭವವನ್ನು ಹೊತ್ತು ಬರುತ್ತಾನೆ. ಇಂದಿನ ತೊಡಕಿಗೆ ಇಂದೇ ಪರಿಹಾರ ಬಯಸುತ್ತಾನೆ. ಇದನ್ನು ಮರೆತು ಮಗುವಿಗೆ ತಿದ್ದಿಸುವಂತೆ ಅವನಿಂದ ಅಕ್ಷರ ತಿದ್ದಿಸಿದರೆ ನಾಚಿಕೆಪಟ್ಟು ದೂರವಾಗುತ್ತಾನೆ.

ಬ್ಯಾಂಕಿನ ಕೌಂಟರಿನಲ್ಲಿ ನಿತ್ಯ ಎದುರಾಗುವ ವಿಷಯವೊಂದನ್ನು ಇಲ್ಲಿ ಹೇಳುವುದು ಉಚಿತ. ಹೆಬ್ಬೆಟ್ಟು ಒತ್ತುವ ಗ್ರಾಹಕರ ಬಗೆಗೆ ಬ್ಯಾಂಕು ಹೆಚ್ಚಿನ ಎಚ್ಚರ ವಹಿಸುತ್ತದೆ: ಹಣ ಪಡೆಯಲು ಅವರೇ ಬರಬೇಕು, ಭಾವಚಿತ್ರದೊಡನೆ ಮುಖ ತಾಳೆಯಾಗಬೇಕು, ಸಾಮಾನ್ಯವಾಗಿ ಚೆಕ್ ಪುಸ್ತಕ ಕೊಡುವುದಿಲ್ಲ. ಅವರು ಸಹಿ ಹಾಕಲು ಕಲಿತೊಡನೆ ಈ ಕಾವಲು ಸಡಿಲವಾಗುತ್ತದೆ. ಸಹಿಯಷ್ಟನ್ನೇ ಕಲಿತು, ನಮೂನೆಯಲ್ಲಿ ಬರೆದ ಮೊತ್ತ ಐನೂರೋ ಐದು ಸಾವಿರವೋ ಎಂದು ಓದಲಾರದವನು ಹೆಬ್ಬೆಟ್ಟಿನವನಿಗಿಂತ ಹೆಚ್ಚಿನ ಅಪಾಯದಲ್ಲಿರುತ್ತಾನೆ. ಸಾಲದ ಪತ್ರಕ್ಕೂ ಜಾಮೀನಿಗೂ ಈ ಮಾತು ಅನ್ವಯಿಸುತ್ತದೆ. ಅರ್ಧಕ್ಕೆ ಬಿಟ್ಟ ಪಾಠ ಕಲಿಸದೆ ಬಿಟ್ಟುದಕ್ಕಿಂತ ಹಾನಿಕರವಾಗಬಹುದು. ಆದಕಾರಣ ಸಹಿಗೆ ಮೊದಲು ಅಂಕಿ, ಅಂಕಿಯೊಡನೆ ಪಾಸ್‌ಬುಕ್ಕಿನ ಜಮೆ, ಖರ್ಚು, ಶಿಲ್ಕು ಓದಿಸುವುದು ಲೇಸು.

ಭಾಷೆಯ ಆಯ್ಕೆಯನ್ನೂ ಕಲಿಯುವವರಿಗೇ ಬಿಡಬೇಕು. ಸುಗ್ಗಿಗೆ ಊರಿಗೆ ಮರಳುವ ರಾಯಚೂರಿನ ತಾಯಿಗೆ ಪಹಣಿ ಓದಲು ಕನ್ನಡ ಬೇಕು. ಇಲ್ಲಿಯೇ ಮಕ್ಕಳನ್ನು ಶಾಲೆಗೆ ಸೇರಿಸಿದವಳಿಗೆ ತೆಲುಗು ಮೊದಲು ಬೇಕೆನಿಸಬಹುದು. ನಮ್ಮ ಭಾಷಾಭಿಮಾನ ಅವರ ಅಗತ್ಯವನ್ನು ಮರೆಮಾಡಬಾರದು.

ಕಲಿಸಲು ಆಸಕ್ತಿಯುಳ್ಳ ಬಂಧುಗಳು ಮೊದಲು ತಮ್ಮ ವಸತಿ ಸಮುಚ್ಚಯದ ಕಾವಲುಗಾರ, ಮನೆಗೆಲಸದಾಕೆ, ಗಾರೆ ಕೆಲಸದವರೊಡನೆ ಮಾತನಾಡಿ, ಅವರು ಯಾವ ಕಾಗದವನ್ನು ಓದಲಾಗದೆ ಇತರರ ಮುಂದೆ ಚಾಚುತ್ತಾರೆಂದು ಕೇಳಿ ತಿಳಿಯಲಿ. ಆ ಕಾಗದವೇ ಮೊದಲ ಪಠ್ಯವಾಗಲಿ. ವಾರಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು ತಪ್ಪದೆ ಕೊಡಬಲ್ಲೆವೆಂದು ಮೊದಲೇ ನಿಶ್ಚಯಿಸಿಕೊಂಡು ಅನಂತರ ಹೆಸರು ನೋಂದಾಯಿಸುವುದು ಒಳ್ಳೆಯದು.